ಉಪ್ಪು ಸುರಿದ ರಸ್ತೆಯ ಚಳಿಗಾಲ: ಬೈಕನ್ನು ತುಕ್ಕಿನಿಂದ ಉಳಿಸಿಕೊಳ್ಳುವ ಬಗೆ

ಕುಂದಾಪುರದ ಕಡೆಯವರಿಗೆ ಉಪ್ಪುಗಾಳಿ ಏನು ಮಾಡುತ್ತದೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಕಡಲಿನಿಂದ ಕೂಗಳತೆಯಲ್ಲಿರುವ ಮನೆಗಳ ಕಿಟಕಿ ಸರಳು, ಗೇಟಿನ ತಿರುಗಣಿ, ಸೈಕಲ್ಲಿನ ರಿಮ್ಮು ಎಲ್ಲವೂ ಘಟ್ಟದ ಮೇಲಿನವಕ್ಕಿಂತ ಎಷ್ಟೋ ಬೇಗ ಕೆಂಪಾಗುವುದನ್ನು ನೋಡುತ್ತಲೇ ನಾವು ಬೆಳೆದಿದ್ದೇವೆ. ಇಷ್ಟು ತಿಳಿದಿದ್ದೂ, ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದ ಮೊದಲ ವರ್ಷ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ 650 ಸಿಸಿ ಬೈಕನ್ನು ನವೆಂಬರಿನಿಂದ ಮಾರ್ಚ್‌ವರೆಗೆ ದಿನವೂ ಕೆಲಸಕ್ಕೆ ಓಡಿಸಿ, ಭಾನುವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬೆಚ್ಚಗಿನ ಗ್ಯಾರೇಜಿನೊಳಗೆ ಮುಸುಕು ಹೊದಿಸಿ ನಿಲ್ಲಿಸುತ್ತಿದ್ದೆ. ಇದಕ್ಕಿಂತ ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ ಎಂಬ ಹೆಮ್ಮೆಯೂ ಇತ್ತು. ಆ ಪಟ್ಟಿಯಲ್ಲಿ ಒರೆಸಿದ್ದೊಂದನ್ನು ಬಿಟ್ಟು ಉಳಿದೆಲ್ಲವೂ ತಪ್ಪು.

ಮಾರ್ಚ್ ಕೊನೆಯಲ್ಲಿ ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತೂ ಹೋಗಲಿಲ್ಲ. ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಳಚಿ ನೋಡಿದಾಗ, ಅದು ಅತ್ತಿತ್ತ ಜಾರಲು ಆಧಾರವಾಗಿರುವ ಪಿನ್ನು ರಬ್ಬರ್ ಬೂಟಿನೊಳಗೆ ಕಂದು ಹಿಟ್ಟಿನಲ್ಲಿ ಹೂತಂತೆ ಕಚ್ಚಿಕೊಂಡಿತ್ತು. ಪಿಸ್ಟನ್ ಬದಿಯ ಪ್ಯಾಡು ಲೋಹ ಕಾಣುವಷ್ಟು ಸವೆದಿತ್ತು, ಇನ್ನೊಂದು ಬದಿಯದು ಹೊಸದರಂತೆಯೇ ಇತ್ತು. ಎಂಜಿನ್ನಿನ ಮುಂಭಾಗದಲ್ಲಿ ಎಕ್ಸಾಸ್ಟ್ ಪೈಪನ್ನು ಹಿಡಿದಿದ್ದ ನಟ್ಟಿಗೆ ಸ್ಪ್ಯಾನರ್ ಹಾಕಿದ ಕೂಡಲೇ ಆ ನಟ್ಟು ಕೂರುವ ಸ್ಟಡ್ಡು (ಎಂಜಿನ್ನಿನಿಂದ ಹೊರಚಾಚಿದ ಥ್ರೆಡ್ಡಿನ ಸರಳು) ಬುಡದಲ್ಲೇ ಮುರಿಯಿತು. ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ ಊರಿನಲ್ಲಿ ನಿಂತು ಮುರಿದ ಸ್ಟಡ್ಡನ್ನು ನೋಡುವುದು ಒಂದು ಬಗೆಯ ಅವಮಾನವೇ ಸರಿ. ಅಂದಿನಿಂದ ಕಲಿತು, ತಿದ್ದಿಕೊಂಡು, ಈಗ ಪ್ರತಿ ಚಳಿಗಾಲವೂ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಉಪ್ಪು ಕೆಲಸ ಮಾಡುವ ರೀತಿ

ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ರಸ್ತೆಯ ಮೇಲ್ಮೈ ಶೂನ್ಯ ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದೆಂಬ ಮುನ್ಸೂಚನೆ ಬಂದ ರಾತ್ರಿಗಳಲ್ಲಿ ಗ್ರಿಟರ್ ಲಾರಿಗಳು ಕಲ್ಲುಪ್ಪು ಎರಚುತ್ತಾ ಹೋಗುತ್ತವೆ. ಕಂದು ಛಾಯೆಯ ಈ ಉಪ್ಪಿನ ದೊಡ್ಡ ಪಾಲು ಚೆಶರ್ ಪ್ರಾಂತ್ಯದ ವಿನ್ಸ್‌ಫರ್ಡ್‌ನಲ್ಲಿ 1844ರಲ್ಲಿ ಆರಂಭವಾದ ಗಣಿಯಿಂದ ಬರುತ್ತದೆ. ಸಾಮಾನ್ಯ ರಾತ್ರಿಗೆ ಚದರ ಮೀಟರಿಗೆ ಸುಮಾರು 10 ಗ್ರಾಂ, ಹಿಮ ಬೀಳುವಂತಿದ್ದರೆ 20ರಿಂದ 40 ಗ್ರಾಂ ಹಾಕುತ್ತಾರೆ. ಹತ್ತು ಗ್ರಾಮೆಂದರೆ ಕಡಿಮೆಯೆನಿಸಬಹುದು. ಆದರೆ ಮೂರೂವರೆ ಮೀಟರ್ ಅಗಲದ ಒಂದೇ ಲೇನಿನಲ್ಲಿ ಒಂದು ಕಿಲೋಮೀಟರಿಗೆ ಅದು 35 ಕಿಲೋ ಆಗುತ್ತದೆ. ಮುಂದಿನ ಚಕ್ರ ಅದನ್ನು ನೀರಿನೊಂದಿಗೆ ಎತ್ತಿ ನೇರವಾಗಿ ಎಂಜಿನ್ನಿನ ಮುಖಕ್ಕೆ ಹೊಡೆಯುತ್ತದೆ.

ಹೊಸಬರು ತಪ್ಪುವುದು ಇದರ ಮುಂದಿನ ಹಂತದಲ್ಲಿ. ಸವಾರಿ ಮುಗಿದು ಬೈಕ್ ಒಣಗಿತೆಂದರೆ ಅಪಾಯವೂ ಮುಗಿಯಿತೆಂದು ಭಾವಿಸುತ್ತೇವೆ. ಊರಿನಲ್ಲಿ ಆಷಾಢದ ದಿನಗಳಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದರೆ ಕಲ್ಲುಪ್ಪು ತಾನಾಗಿಯೇ ನೀರೊಡೆದಿರುವುದನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತಿರಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75 ದಾಟಿದರೆ ಸಾಕು, ಅಡುಗೆ ಉಪ್ಪು ಗಾಳಿಯಿಂದಲೇ ತೇವವನ್ನು ಎಳೆದುಕೊಂಡು ಕರಗತೊಡಗುತ್ತದೆ. ಇಂಗ್ಲೆಂಡಿನ ಚಳಿಗಾಲದಲ್ಲಿ ಆರ್ದ್ರತೆ ಬಹುತೇಕ ದಿನ 80ಕ್ಕಿಂತ ಮೇಲೆಯೇ ಇರುತ್ತದೆ. ಆದ್ದರಿಂದ ಬೋಲ್ಟಿನ ತಲೆಯ ಗುಳಿಯಲ್ಲಿ ಉಳಿದ ಒಂದು ಚಿಟಿಕೆ ಉಪ್ಪು, ಮಳೆಯೇ ಇಲ್ಲದ ದಿನವೂ, ಗ್ಯಾರೇಜಿನ ಕತ್ತಲಲ್ಲಿ ತನ್ನಷ್ಟಕ್ಕೆ ತಾನು ಉಪ್ಪುನೀರಾಗಿ ಕಬ್ಬಿಣವನ್ನು ತಿನ್ನುತ್ತಲೇ ಇರುತ್ತದೆ. ಬೈಕಿಗೆ ಹಾನಿಯಾಗುವುದು ಓಡುವ ಒಂದು ಗಂಟೆಯಲ್ಲಿ ಕಡಿಮೆ, ನಿಂತಿರುವ 23 ಗಂಟೆಗಳಲ್ಲಿ ಹೆಚ್ಚು.

ಅಲ್ಯುಮಿನಿಯಂ ಭಾಗಗಳ ಕಥೆ ಸ್ವಲ್ಪ ಬೇರೆ. ಆ ಲೋಹ ತನ್ನ ಮೇಲೆ ತಾನೇ ಒಂದು ತೆಳುವಾದ ಆಕ್ಸೈಡ್ ಪೊರೆಯನ್ನು ಹೊದ್ದುಕೊಂಡು ಸುರಕ್ಷಿತವಾಗಿರುತ್ತದೆ, ಆದರೆ ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಎಂಜಿನ್ ಕವರಿನ ಲ್ಯಾಕರಿನಡಿಯಲ್ಲಿ ಹುಳು ಹರಿದಂತೆ ಬಿಳಿ ಗೆರೆಗಳು ಕಂಡರೆ, ಕಲ್ಲೇಟಿನಿಂದಾದ ಸಣ್ಣ ಗಾಯದ ಮೂಲಕ ಉಪ್ಪು ಒಳಹೊಕ್ಕಿದೆ ಎಂದರ್ಥ. ಇದಲ್ಲದೆ ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಲಿ ಒಂದು ಸಣ್ಣ ಬ್ಯಾಟರಿಯೇ ಹುಟ್ಟಿ, ದುರ್ಬಲ ಲೋಹ ಕರಗುತ್ತಾ ಹೋಗುತ್ತದೆ. ಚೆನ್ನಾಗಿ ಕಾಣಲೆಂದು ಅಲ್ಯುಮಿನಿಯಂ ಕವರಿಗೆ ಸ್ಟೇನ್‌ಲೆಸ್ ಬೋಲ್ಟುಗಳನ್ನು ಗ್ರೀಸಿಲ್ಲದೆ ಒಣದಾಗಿಯೇ ಹಾಕಿಸುವವರು ಇದನ್ನು ಗಮನಿಸಬೇಕು: ಬೋಲ್ಟು ಹೊಳೆಯುತ್ತಲೇ ಇರುತ್ತದೆ, ಅದು ಕೂತ ಥ್ರೆಡ್ಡು ಬಿಳಿ ಪುಡಿಯಾಗುತ್ತದೆ.

ಅಕ್ಟೋಬರಿನ ಸಿದ್ಧತೆ

ಚಳಿಗಾಲದ ಕೆಲಸದ ಮುಕ್ಕಾಲು ಪಾಲು ಮೊದಲ ಉಪ್ಪು ಬೀಳುವ ಮುನ್ನವೇ ಮುಗಿಯಬೇಕು. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರದಲ್ಲಿ, ಬಿಸಿಲಿರುವ ಒಂದು ಶನಿವಾರ–ಭಾನುವಾರವನ್ನು ಇದಕ್ಕೆಂದೇ ಮೀಸಲಿಡಿ.

ಮೊದಲು ಬೈಕನ್ನು ಬೈಕ್ ಶ್ಯಾಂಪೂವಿನಿಂದ ಮೂಲೆಮೂಲೆ ಬಿಡದೆ ತೊಳೆಯಿರಿ. ಪಾತ್ರೆ ತೊಳೆಯುವ ದ್ರಾವಣ ಬೇಡ. ಅದನ್ನು ಗಟ್ಟಿಯಾಗಿಸಲು ಬಹಳಷ್ಟು ಕಡೆ ಉಪ್ಪನ್ನೇ ಬಳಸಿರುತ್ತಾರೆ. ಲಾರಿಗಳನ್ನು ತೊಳೆಯುವ ತೀಕ್ಷ್ಣ ಕ್ಷಾರದ ಟ್ರಾಫಿಕ್ ಫಿಲ್ಮ್ ರಿಮೂವರುಗಳೂ ಅಲ್ಯುಮಿನಿಯಂಗೆ ಒಳ್ಳೆಯವಲ್ಲ. ತೊಳೆದ ಮೇಲೆ ಹತ್ತಿಪ್ಪತ್ತು ನಿಮಿಷ ಓಡಿಸಿ ಎಂಜಿನ್ನಿನ ಶಾಖದಿಂದ ಒಳಗಿನ ತೇವ ಆರುವಂತೆ ಮಾಡಿ, ಸೀಟು ಮತ್ತು ಪಕ್ಕದ ಪ್ಯಾನೆಲ್‌ಗಳನ್ನು ತೆಗೆದು ಇಡೀ ರಾತ್ರಿ ಒಣಗಲು ಬಿಡಿ. ತೇವದ ಮೇಲೆ ಲೇಪ ಹಚ್ಚುವುದೆಂದರೆ ಕಳ್ಳನನ್ನು ಒಳಗಿಟ್ಟು ಬಾಗಿಲಿಗೆ ಅಗುಳಿ ಹಾಕಿದಂತೆ.

ಎರಡನೆಯ ಹಂತ, ಮುಂದೊಂದು ದಿನ ಬಿಚ್ಚಬೇಕಾಗಿ ಬರುವ ಪ್ರತಿಯೊಂದು ಬೋಲ್ಟನ್ನೂ ಈಗಲೇ ಒಂದೊಂದಾಗಿ ಬಿಚ್ಚಿ, ವೈರ್ ಬ್ರಷ್‌ನಿಂದ ಥ್ರೆಡ್ಡನ್ನು ಸ್ವಚ್ಛ ಮಾಡಿ, ಥ್ರೆಡ್ಡು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಹಾಕುವುದು. ಅಲ್ಯುಮಿನಿಯಂಗೆ ಕೂರುವ ಬೋಲ್ಟುಗಳಿಗೆ ತಾಮ್ರದ ಗ್ರೀಸಿನ ಬದಲು ನಿಕ್ಕಲ್ ಅಥವಾ ಸೆರಾಮಿಕ್ ಆಧಾರದ್ದನ್ನು ಆರಿಸಿಕೊಳ್ಳುವುದು ಲೇಸು, ಏಕೆಂದರೆ ತಾಮ್ರ ಮತ್ತು ಅಲ್ಯುಮಿನಿಯಂ ಉಪ್ಪುನೀರಿನಲ್ಲಿ ಬದ್ಧವೈರಿಗಳು. ಜಿಡ್ಡು ಹಚ್ಚಿದ ಥ್ರೆಡ್ಡಿಗೆ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನೇ (ಬಿಗಿಯುವ ತಿರುಚುಬಲ) ಕೊಟ್ಟರೆ ಬೋಲ್ಟು ಉದ್ದೇಶಕ್ಕಿಂತ ಹೆಚ್ಚು ಬಿಗಿಯುತ್ತದೆಂಬುದು ನೆನಪಿರಲಿ. ಕ್ಯಾಲಿಪರ್, ಆಕ್ಸಲ್, ಬ್ರೇಕ್ ಡಿಸ್ಕಿನ ಬೋಲ್ಟುಗಳ ವಿಷಯದಲ್ಲಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯೆಲ್ ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡಬೇಡಿ; ಅಲ್ಲಿ ಥ್ರೆಡ್ ಲಾಕ್ (ಬೋಲ್ಟು ಸಡಿಲಾಗದಂತೆ ಹಿಡಿದಿಡುವ ಅಂಟು) ಹಾಕೆಂದಿದ್ದರೆ ಥ್ರೆಡ್ ಲಾಕೇ ಹಾಕಬೇಕು.

ಇದೇ ಸಮಯದಲ್ಲಿ ಹಿಂದಿನ ಸಸ್ಪೆನ್ಷನ್ನಿನ ಲಿಂಕೇಜನ್ನೂ (ಜೋಡಣೆಯ ಸಣ್ಣ ತೋಳುಗಳು) ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬೇರಿಂಗುಗಳನ್ನೂ ಬಿಚ್ಚಿ, ನೀರಿಗೆ ಜಗ್ಗದ ಮೆರೈನ್ ಗ್ರೀಸ್ ತುಂಬಿಸಿ. ಕೆಳಗಡೆ, ಹಿಂದಿನ ಚಕ್ರದ ಮುಂದೆ, ಉಪ್ಪಿನ ಕೆಸರು ಬಡಿಯುವ ಜಾಗದಲ್ಲೇ ಈ ಸೂಜಿ ಬೇರಿಂಗುಗಳಿರುತ್ತವೆ. ಅನೇಕ ಬೈಕುಗಳಲ್ಲಿ ಕಾರ್ಖಾನೆಯಿಂದ ಬರುವಾಗ ಇವಕ್ಕೆ ಹಾಕಿರುವ ಗ್ರೀಸು ಜಿಪುಣರು ದೋಸೆಗೆ ಹಾಕುವ ತುಪ್ಪದಷ್ಟೇ. ಎರಡು ಚಳಿಗಾಲ ಕೈ ಹಾಕದೆ ಬಿಟ್ಟರೆ ಬೇರಿಂಗಿನ ಒಳಗೆ ಕೆಂಪು ಪುಡಿ ಮಾತ್ರ ಸಿಗಬಹುದು. ಇದು ಮನೆಯಲ್ಲಿ ಮಾಡಲಾಗದ ಕೆಲಸವೆನಿಸಿದರೆ ಮೆಕ್ಯಾನಿಕ್‌ಗೆ ಹಣ ಕೊಟ್ಟಾದರೂ ಮಾಡಿಸಿ; ಈ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮಾಡಿಸಲು ಅರ್ಹವಾದ ಕೆಲಸ ಯಾವುದಾದರೂ ಇದ್ದರೆ ಇದೇ.

ಮೂರನೆಯದು ಲೇಪ. ಇಲ್ಲಿನ ಚಳಿಗಾಲದ ಸವಾರರಲ್ಲಿ ಹೆಚ್ಚಿನವರು ಬಳಸುವುದು ಎಸಿಎಫ್-50 ಎಂಬ ಎಣ್ಣೆಯಂಥ ದ್ರವವನ್ನು. ಮೂಲತಃ ವಿಮಾನಗಳ ಅಲ್ಯುಮಿನಿಯಂ ಮೈಯನ್ನು ಕಾಪಾಡಲು ತಯಾರಾದದ್ದು. ಎಕ್ಸ್‌ಸಿಪಿ ರಸ್ಟ್ ಬ್ಲಾಕರ್ ಎಂಬುದು ಇನ್ನೂ ತುಸು ದಪ್ಪನೆಯ ಪೊರೆ ಬಿಡುತ್ತದೆ. ಎರಡೂ ಸಂದುಗಳೊಳಗೆ ತೆವಳಿಕೊಂಡು ಹೋಗಿ, ಲೋಹದ ಮೈಯಿಂದ ನೀರನ್ನು ದೂರವಿಡುತ್ತವೆ. ಡಬ್ಲ್ಯೂಡಿ-40 ಇದರ ಬದಲಿಗೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1953ರಲ್ಲಿ, ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿತೆಂದು ಆ ಹೆಸರು ಪಡೆದ ಅದು ನೀರನ್ನು ಓಡಿಸುವುದರಲ್ಲಿ ನಿಸ್ಸೀಮವೇ ಹೌದು, ಆದರೆ ಅದು ಬಿಟ್ಟುಹೋಗುವ ಪೊರೆ ಬಹಳ ತೆಳು. ಉಪ್ಪಿನ ರಸ್ತೆಯಲ್ಲಿ ಕೆಲವೇ ದಿನಗಳಲ್ಲಿ ಅದರ ಗುರುತೂ ಇರುವುದಿಲ್ಲ.

ಲೇಪ ಹಚ್ಚುವ ಮುನ್ನ ಎರಡೂ ಚಕ್ರಗಳ ಕ್ಯಾಲಿಪರ್ ಮತ್ತು ಡಿಸ್ಕುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಟೈರುಗಳನ್ನು ಹಳೆಯ ಬಟ್ಟೆಯಿಂದ ಮುಚ್ಚಿ. ಈ ದ್ರವ ತೆವಳುವ ಸ್ವಭಾವದ್ದಾದ್ದರಿಂದ ಬ್ರೇಕಿನ ಹತ್ತಿರ ಸ್ಪ್ರೇ ಮಾಡಲೇಬೇಡಿ, ಬಟ್ಟೆಗೆ ಅಥವಾ ಸಣ್ಣ ಬ್ರಷ್ಷಿಗೆ ಹಾಕಿಕೊಂಡು ಸವರಿ. ಎಂಜಿನ್ನಿನ ಮುಂಭಾಗ, ಆಯಿಲ್ ಫಿಲ್ಟರಿನ ತಳ, ಫ್ರೇಮಿನ ವೆಲ್ಡಿಂಗ್ ಗೆರೆಗಳು, ಹಾರ್ನಿನ ಬ್ರಾಕೆಟ್ಟು, ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು ಮತ್ತು ಸ್ವಿಚ್ಚು, ಫುಟ್‌ಪೆಗ್‌ನ ತಿರುಗಣಿ, ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು, ನಂಬರ್ ಪ್ಲೇಟಿನ ಹಿಂಬದಿ ಇವು ಯಾವುವೂ ತಪ್ಪಬಾರದು. ಮಧ್ಯಮ ಗಾತ್ರದ ಬೈಕಿಗೆ ಒಂದು ಏರೋಸಾಲ್ ಕ್ಯಾನು ನನಗೆ ಸಾಕಾಗಿದೆ. ಒಂದು ರಾತ್ರಿ ಹಾಗೆಯೇ ಬಿಟ್ಟು ಮರುದಿನ ಹನಿಯುವಷ್ಟು ಹೆಚ್ಚಾದದ್ದನ್ನು ಮಾತ್ರ ಒರೆಸಿ ತೆಗೆಯಿರಿ. ಉಳಿದ ಜಿಡ್ಡಿಗೆ ಧೂಳು ಮೆತ್ತಿಕೊಂಡು ಬೈಕ್ ಕೊಳಕಾಗಿ ಕಾಣುತ್ತದೆ. ಕಾಣಲಿ. ಚಳಿಗಾಲದ ಬೈಕ್ ಹೊಳೆಯುತ್ತಿದೆಯೆಂದರೆ ಅದರ ಮೇಲಿನ ಪೊರೆ ಹೋಗಿದೆ ಎಂದೇ ನಾನು ಲೆಕ್ಕ ಹಾಕುತ್ತೇನೆ.

ನಮ್ಮ ಕರಾವಳಿಯ ಗ್ಯಾರೇಜುಗಳಲ್ಲಿ ಮಳೆಗಾಲಕ್ಕೆ ಮುನ್ನ ಗಾಡಿಯ ತಳಕ್ಕೆ ಸುಟ್ಟ ಆಯಿಲ್ ಹೊಡೆಯುವ ಪದ್ಧತಿಯ ಹಿಂದಿರುವುದೂ ಇದೇ ಯೋಚನೆ. ಯೋಚನೆ ಸರಿ, ವಸ್ತು ಸರಿಯಲ್ಲ. ಸುಟ್ಟ ಆಯಿಲಿನಲ್ಲಿ ಎಂಜಿನ್ನಿನ ಆಮ್ಲಾಂಶವೂ ಲೋಹದ ಕಣಗಳೂ ಇರುತ್ತವೆ, ಅದು ರಬ್ಬರನ್ನು ಕೆಡಿಸುತ್ತದೆ, ಹನಿದು ಟೈರಿಗೆ ತಗಲಿದರೆ ಸವಾರನನ್ನೇ ಕೆಡವುತ್ತದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಇರುವ ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಜೂನ್‌ಗೆ ಮುನ್ನ ಇಲ್ಲಿ ಹೇಳಿದ ಕ್ರಮವನ್ನೇ ಅನುಸರಿಸಬಹುದು, ಉಪ್ಪು ಎಲ್ಲಿಂದ ಬಂದರೂ ಉಪ್ಪೇ.

ಇನ್ನು ಜೋಡಿಸಿಕೊಳ್ಳುವ ಸಾಮಾನುಗಳಲ್ಲಿ ಎರಡನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಮುಂದಿನ ಮಡ್‌ಗಾರ್ಡನ್ನು ಕೆಳಗಡೆ ಉದ್ದ ಮಾಡುವ ಪ್ಲಾಸ್ಟಿಕ್ ತುಂಡು ಎಂಜಿನ್, ರೇಡಿಯೇಟರ್ ಮತ್ತು ಎಕ್ಸಾಸ್ಟ್ ಬುಡಕ್ಕೆ ಬಡಿಯುವ ಕೆಸರನ್ನು ಕಣ್ಣಿಗೆ ಕಾಣುವಷ್ಟು ತಗ್ಗಿಸುತ್ತದೆ. ಹಿಂದಿನ ಚಕ್ರಕ್ಕೆ ಅಂಟಿದಂತೆ ಕೂರುವ ಹಗ್ಗರ್ ಎಂಬ ಸಣ್ಣ ಮಡ್‌ಗಾರ್ಡು ಶಾಕ್ ಅಬ್ಸಾರ್ಬರನ್ನೂ ಲಿಂಕೇಜನ್ನೂ ಕಾಯುತ್ತದೆ. ಎರಡರ ಬೆಲೆಯೂ ಒಂದು ರೇಡಿಯೇಟರಿನ ಮುಂದೆ ಏನೇನೂ ಅಲ್ಲ.

ಸವಾರಿ ಮುಗಿಸಿ ಬಂದ ಮೇಲೆ

ಉಪ್ಪು ಬಿದ್ದ ರಸ್ತೆಯಲ್ಲಿ ಓಡಿ ಬಂದ ದಿನವೇ, ಸಾಧ್ಯವಾದರೆ ಒಳಗಿಡುವ ಮುನ್ನವೇ, ತಣ್ಣೀರಿನಿಂದ ಬೈಕನ್ನು ಜಾಲಾಡಬೇಕು. ತಣ್ಣೀರೇ ಏಕೆಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಸಕ್ಕರೆಯಂತೆ ಉಪ್ಪು ಬಿಸಿನೀರಿನಲ್ಲಿ ಬಹಳ ಹೆಚ್ಚು ಕರಗುವುದಿಲ್ಲ: 100 ಗ್ರಾಂ ನೀರಿನಲ್ಲಿ ಶೂನ್ಯ ಡಿಗ್ರಿಯಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಿದರೆ, ಕುದಿಯುವ ನೀರಿನಲ್ಲಿ 39 ಗ್ರಾಂ ಕರಗುತ್ತದೆ, ಅಷ್ಟೇ. ಆದರೆ ತುಕ್ಕಿನ ರಾಸಾಯನಿಕ ಕ್ರಿಯೆ ಬಿಸಿಯೇರಿದಂತೆ ಚುರುಕಾಗುತ್ತದೆ, ಅದರ ಜೊತೆಗೆ ಬಿಸಿನೀರು ಅಕ್ಟೋಬರಿನಲ್ಲಿ ಹಚ್ಚಿದ ಪೊರೆಯನ್ನೂ ಎಬ್ಬಿಸುತ್ತದೆ. ಬಿಸಿನೀರಿನಿಂದ ಬರುವ ಲಾಭ ಕೈ ಮರಗಟ್ಟದಿರುವುದೊಂದೇ. ಅದಕ್ಕೆ ರಬ್ಬರ್ ಗ್ಲೌಸು ಸಾಕು.

ಬಂದ ಕೂಡಲೇ ನೀರು ಹಾಯಿಸಬೇಡಿ. ಡಿಸ್ಕು ಮತ್ತು ಎಕ್ಸಾಸ್ಟ್ ಕಾದಿರುತ್ತವೆ, ಕಾಲು ಗಂಟೆ ತಣಿಯಲಿ. ಬಳಿಕ ತೋಟದ ಪೈಪಿನಿಂದ, ಕಡಿಮೆ ರಭಸದಲ್ಲಿ, ಆದರೆ ಸಾಕಷ್ಟು ನೀರು ಹರಿಯುವಂತೆ, ಚಕ್ರಗಳಿಂದ ಆರಂಭಿಸಿ ಕ್ಯಾಲಿಪರುಗಳ ಒಳಬದಿ, ಎಂಜಿನ್ನಿನ ಮುಂಭಾಗ ಮತ್ತು ತಳ, ಸ್ವಿಂಗ್ ಆರ್ಮಿನ ಮೇಲ್ಭಾಗ, ಹಿಂದಿನ ಮಡ್‌ಗಾರ್ಡಿನ ಒಳಮೈ ಹೀಗೆ ಕೆಳಗಿನ ಭಾಗಗಳಿಗೇ ಹೆಚ್ಚು ಸಮಯ ಕೊಡಿ. ಟ್ಯಾಂಕಿನ ಮೇಲೆ ಉಪ್ಪು ಬೀಳುವುದು ಕಡಿಮೆ, ಆದರೂ ಮನುಷ್ಯರು ಬೈಕ್ ತೊಳೆಯುವಾಗ ಮೊದಲು ಉಜ್ಜುವುದು ಟ್ಯಾಂಕನ್ನೇ. ಶ್ಯಾಂಪೂ, ಬ್ರಷ್ಷು ಯಾವುದೂ ದಿನನಿತ್ಯ ಬೇಡ. ನಮಗೆ ಬೇಕಾಗಿರುವುದು ಉಪ್ಪು ಹೋಗುವುದು, ಜಿಡ್ಡಿನ ಪೊರೆ ಉಳಿಯುವುದು. ಪ್ರೆಷರ್ ವಾಷರನ್ನು ಚಕ್ರದ ಬೇರಿಂಗು, ಚೈನು, ರೇಡಿಯೇಟರಿನ ರೆಕ್ಕೆಗಳು, ವೈರಿಂಗ್ ಜೋಡಣೆಗಳ ಹತ್ತಿರಕ್ಕೂ ತರಬಾರದು, ಅದು ಉಪ್ಪನ್ನು ತೆಗೆಯುವ ಬದಲು ಸೀಲುಗಳ ಒಳಕ್ಕೆ ನುಗ್ಗಿಸುತ್ತದೆ.

ಫ್ಲ್ಯಾಟಿನಲ್ಲಿರುವವರಿಗೆ, ಆಫೀಸಿನ ಪಾರ್ಕಿಂಗಿನಲ್ಲಿ ಎಂಟು ಗಂಟೆ ನಿಲ್ಲಿಸುವವರಿಗೆ ಪೈಪಿನ ಸೌಕರ್ಯ ಇರುವುದಿಲ್ಲ. ಅಡಿಕೆಗೆ ಮದ್ದು ಹೊಡೆಯುವ ಕೈಪಂಪಿನ ತಮ್ಮನಂಥ, ಐದು ಲೀಟರಿನ ಪ್ರೆಷರ್ ಸ್ಪ್ರೇಯರು ಇಲ್ಲಿನ ತೋಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅಡುಗೆಮನೆಯ ನಲ್ಲಿಯಲ್ಲಿ ತುಂಬಿಸಿಕೊಂಡು ಹೋದರೆ ಒಂದು ಬೈಕಿನ ಕೆಳಭಾಗಕ್ಕೆ ಐದು ಲೀಟರ್ ಸಾಕು. ಅದನ್ನು ಬೈಕಿಗೆಂದೇ ಹೊಸದಾಗಿ ಕೊಳ್ಳಿ. ಮೈಲುತುತ್ತದ ದ್ರಾವಣ ತುಂಬಿಸಿದ್ದ ಪಂಪನ್ನು ಬಳಸಿದರೆ ಅದರಲ್ಲುಳಿದ ತಾಮ್ರ ಅಲ್ಯುಮಿನಿಯಂಗೆ ಉಪ್ಪಿಗಿಂತ ಕೆಟ್ಟದ್ದನ್ನು ಮಾಡುತ್ತದೆ.

ನೀರು ಹಾಕಿದ ಮೇಲೆ ಒಣಗಿಸುವುದೂ ಅಷ್ಟೇ ಮುಖ್ಯ. ಎಲೆ ಗುಡಿಸುವ ಬ್ಲೋವರ್ ಇದ್ದರೆ ಬೋಲ್ಟಿನ ಗುಳಿಗಳಲ್ಲಿ ನಿಂತ ನೀರನ್ನು ಊದಿ ತೆಗೆಯಬಹುದು. ಇಲ್ಲದಿದ್ದರೆ ಉಪ್ಪಿಲ್ಲದ ಬೀದಿಯಲ್ಲಿ ಒಂದು ಸುತ್ತು ಹೋಗಿಬಂದು, ಬ್ರೇಕನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಪ್ಯಾಡುಗಳ ತೇವ ಆರಿಸಿ. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಗಳನ್ನು ಮಾತ್ರ ಮೆತ್ತನೆಯ ಬಟ್ಟೆಯಿಂದ ಪ್ರತಿ ಸಲವೂ ಒರೆಸಬೇಕು. ಕ್ರೋಮಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅಲ್ಲಿ ಒಂದು ಗುಳಿ ಬಿದ್ದರೆ ಆಯಿಲ್ ಸೀಲು ಹರಿಯಲು ಹೆಚ್ಚು ದಿನ ಬೇಕಿಲ್ಲ.

ಮೈನಸ್ ಮೂರು, ಮೈನಸ್ ನಾಲ್ಕು ಡಿಗ್ರಿಯ ದಿನಗಳಲ್ಲಿ ತೊಳೆಯಲು ಹೋಗಿ ಅಂಗಳವನ್ನು ಮಂಜುಗಡ್ಡೆ ಮಾಡಿಕೊಳ್ಳುವುದು, ಬೀಗದ ಕಿಂಡಿಯಲ್ಲಿ ನೀರು ಹೆಪ್ಪುಗಟ್ಟಿಸಿಕೊಳ್ಳುವುದು ಜಾಣತನವಲ್ಲ. ಅಂಥ ಚಳಿಯಲ್ಲಿ ತುಕ್ಕಿನ ವೇಗವೂ ಕುಗ್ಗಿರುತ್ತದೆ. ಬೈಕನ್ನು ಹಾಗೆಯೇ ಹೊರಗೆ ಬಿಟ್ಟು, ಹಿಮ ಕರಗುವ ಮೊದಲ ದಿನ ತಪ್ಪದೆ ತೊಳೆಯಿರಿ. ಚಳಿಗಾಲದಲ್ಲಿ ಅತ್ಯಂತ ಅಪಾಯದ ದಿನವೆಂದರೆ ಅದೇ, ಉಪ್ಪಿದೆ, ನೀರಿದೆ, ಸಾಕಷ್ಟು ಉಷ್ಣತೆಯೂ ಇದೆ.

ಬ್ರೇಕು ಮತ್ತು ಚೈನು

ಉಳಿದ ಕಡೆಗಳಲ್ಲಿ ತುಕ್ಕು ಹಣ ಕಳೆಯುತ್ತದೆ, ಬ್ರೇಕಿನಲ್ಲಿ ಪ್ರಾಣಕ್ಕೇ ಬರುತ್ತದೆ. ಆದ್ದರಿಂದ ಚಳಿಗಾಲವಿಡೀ ತಿಂಗಳಿಗೊಮ್ಮೆ ಕ್ಯಾಲಿಪರುಗಳನ್ನು ಕಳಚಿ ನೋಡುವುದನ್ನು ನಾನು ವ್ರತದಂತೆ ಪಾಲಿಸುತ್ತೇನೆ. ಕ್ಯಾಲಿಪರನ್ನು ಬಿಡಿಸಿ, ಬ್ರೇಕ್ ಹೋಸಿನಿಂದ ನೇತಾಡದಂತೆ ದಾರದಲ್ಲಿ ಕಟ್ಟಿ, ಪ್ಯಾಡುಗಳನ್ನು ತೆಗೆದು, ಪಿಸ್ಟನ್ನುಗಳು ಕೆಲವೇ ಮಿಲಿಮೀಟರ್ ಹೊರಬರುವಷ್ಟು ಮಾತ್ರ ಲಿವರನ್ನು ಒತ್ತಿ. ಹೆಚ್ಚು ಒತ್ತಿದರೆ ಪಿಸ್ಟನ್ ಹೊರಗೆ ಹಾರಿ ಬ್ರೇಕ್ ಆಯಿಲ್ ಚೆಲ್ಲುತ್ತದೆ. ಹೊರಬಂದ ಭಾಗವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸೋಪಿನ ನೀರಿನಿಂದ ಸುತ್ತಲೂ ತಿಕ್ಕಿ, ಒರೆಸಿ, ರೆಡ್ ರಬ್ಬರ್ ಗ್ರೀಸನ್ನು ಬೆರಳ ತುದಿಯಿಂದ ತೆಳುವಾಗಿ ಸವರಿ ಒಳಕ್ಕೆ ತಳ್ಳಿ. ಸ್ಲೈಡ್ ಪಿನ್ನುಗಳನ್ನು ಹೊರಗೆಳೆದು ಹಳೆಯ ಗ್ರೀಸನ್ನು ಪೂರ್ತಿ ತೆಗೆದು ಸಿಲಿಕೋನ್ ಗ್ರೀಸ್ ಹಾಕಿ, ರಬ್ಬರ್ ಬೂಟು ಹರಿದಿದ್ದರೆ ಅವತ್ತೇ ಬದಲಿಸಿ. ಇಲ್ಲಿ ಮಾಮೂಲಿ ಪೆಟ್ರೋಲಿಯಂ ಗ್ರೀಸು ನಿಷಿದ್ಧ, ಏಕೆಂದರೆ ಬ್ರೇಕಿನ ರಬ್ಬರ್ ಸೀಲುಗಳು ಅದನ್ನು ಕುಡಿದು ಉಬ್ಬಿ, ನಾವು ತಪ್ಪಿಸಲು ಹೊರಟ ತೊಂದರೆಯನ್ನೇ ತರುತ್ತವೆ. ಎಲ್ಲವನ್ನೂ ಜೋಡಿಸಿದ ಮೇಲೆ ಲಿವರ್ ಗಟ್ಟಿಯಾಗುವವರೆಗೆ ಒತ್ತಿ, ಚಕ್ರ ಸರಾಗವಾಗಿ ತಿರುಗುವುದನ್ನು ನೋಡಿ, ಅನಂತರವೇ ರಸ್ತೆಗಿಳಿಯಿರಿ. ಬ್ರೇಕಿನ ಕೆಲಸ ಹಿಂದೆ ಮಾಡಿ ಗೊತ್ತಿಲ್ಲದವರು ಮೊದಲ ಬಾರಿ ತಿಳಿದವರ ಪಕ್ಕದಲ್ಲಿ ಕೂತು ಮಾಡುವುದು ಒಳಿತು.

ಚೈನನ್ನು ಬೇಸಗೆಯಲ್ಲಿ 800 ಕಿಲೋಮೀಟರಿಗೊಮ್ಮೆ ನೋಡುವವರು ಚಳಿಗಾಲದಲ್ಲಿ 300ಕ್ಕೊಮ್ಮೆ ನೋಡಬೇಕಾಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಳಮಗ್ಗುಲಿಗೆ 80ಡಬ್ಲ್ಯೂ-90 ಗೇರ್ ಆಯಿಲ್ ಹಚ್ಚುವ ನಮ್ಮೂರ ಪದ್ಧತಿಗಿಂತ ಉತ್ತಮವಾದದ್ದು ನನಗೆ ಇಲ್ಲಿ ಸಿಕ್ಕಿಲ್ಲ. ಅಂಗಡಿಯಲ್ಲಿ ಕೆರೋಸಿನ್ ಕೇಳಿದರೆ ಮುಖ ನೋಡುತ್ತಾರೆ. ಅದಕ್ಕೆ ಇಲ್ಲಿನ ಹೆಸರು ಪ್ಯಾರಾಫಿನ್. ಸೀಮೆಯಲ್ಲೇ ನಿಂತು ಸೀಮೆಎಣ್ಣೆಗಾಗಿ ಪರದಾಡಿದ್ದು ನನ್ನ ಮೊದಲ ವರ್ಷದ ಇನ್ನೊಂದು ಸಾಧನೆ. ಪೆಟ್ರೋಲು ಮತ್ತು ತಂತಿಯ ಬ್ರಷ್ಷು ಚೈನಿನ ರಬ್ಬರ್ ರಿಂಗುಗಳನ್ನು ಹಾಳು ಮಾಡುತ್ತವೆ, ಅವೆರಡೂ ಬೇಡ. ಸವಾರಿ ಮುಗಿಸಿ ಚೈನು ಬೆಚ್ಚಗಿರುವಾಗ ಆಯಿಲ್ ಹಾಕಿದರೆ ರಾತ್ರಿಯಿಡೀ ಇಳಿಯಲು ಅದಕ್ಕೆ ಸಮಯ ಸಿಗುತ್ತದೆ. ಪಕ್ಕದ ಪಟ್ಟಿಗಳಲ್ಲಿ ಕೆಂಪು ಕಂಡರೆ ಗಾಬರಿ ಬೇಡ, ಆದರೆ ಕೊಂಡಿಯೊಂದು ಮಡಚಿದಲ್ಲೇ ನಿಲ್ಲುತ್ತಿದ್ದರೆ ಆ ಚೈನಿನ ಆಯುಸ್ಸು ಮುಗಿಯುತ್ತಾ ಬಂದಿದೆ.

ಕಾಣದ ಜಾಗಗಳು

ವಿದ್ಯುತ್ ಜೋಡಣೆಗಳಲ್ಲಿ ಕೆಂಪು ತುಕ್ಕಿನ ಬದಲು ಹಸಿರು ಕಿಲುಬು ಕಾಣಿಸುತ್ತದೆ. ಹೆಡ್‌ಲೈಟಿನ ಹಿಂದೆ, ಸೀಟಿನಡಿ, ಸೈಡ್ ಸ್ಟ್ಯಾಂಡಿನ ಸ್ವಿಚ್ಚಿನ ಬಳಿ ಇರುವ ಕನೆಕ್ಟರುಗಳನ್ನು ಅಕ್ಟೋಬರಿನಲ್ಲೇ ಬಿಡಿಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿ. ಬ್ಯಾಟರಿಯ ತುದಿಗಳಿಗೆ ವ್ಯಾಸಲೀನ್ ಸಾಕು. ಜನವರಿಯ ಮುಂಜಾನೆ ಸೈಡ್ ಸ್ಟ್ಯಾಂಡ್ ಮಡಚಿದರೂ ಗೇರು ಹಾಕಿದ ಕೂಡಲೇ ಎಂಜಿನ್ ಆರಿದರೆ, ಬೇರೆಲ್ಲೂ ಹುಡುಕದೆ ಆ ಸ್ವಿಚ್ಚನ್ನೇ ಮೊದಲು ನೋಡಿ.

ಸೈಲೆನ್ಸರಿಗೆ ಹೊರಗಿನಿಂದಷ್ಟೇ ಅಲ್ಲ, ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ, ತಣ್ಣನೆಯ ಸೈಲೆನ್ಸರಿನಲ್ಲಿ ಅದು ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ. ಬೈಕ್ ಕೆಡಬಾರದೆಂದು ಭಾನುವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವವರು ಪ್ರತಿ ವಾರ ಸೈಲೆನ್ಸರಿಗೆ ಒಂದಿಷ್ಟು ನೀರು ಕುಡಿಸುತ್ತಿದ್ದಾರೆ, ಅಷ್ಟೇ. ಓಡಿಸುವುದಾದರೆ ಅರ್ಧ ಗಂಟೆಯಾದರೂ ಓಡಿಸಿ, ಇಲ್ಲವಾದರೆ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಸುಮ್ಮನೆ ಬಿಟ್ಟುಬಿಡಿ.

ನಿಲ್ಲಿಸುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ವಿಚಿತ್ರವೆನಿಸಬಹುದು. ತೊಳೆಯದ ಬೈಕಿಗೆ ಬೆಚ್ಚಗಿನ, ಗಾಳಿಯಾಡದ ಗ್ಯಾರೇಜಿಗಿಂತ ಹೊರಗಿನ ತಣ್ಣನೆಯ ಮಾಡೇ ವಾಸಿ. ಒದ್ದೆ ಬೈಕಿನ ಮೇಲೆ ಉಸಿರಾಡದ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಇಡ್ಲಿ ಪಾತ್ರೆಯಲ್ಲಿಟ್ಟಂತೆಯೇ. ಗಾಳಿಯಾಡುವ ಬಟ್ಟೆಯ ಹೊದಿಕೆಯನ್ನು, ಅದೂ ಬೈಕ್ ಒಣಗಿದ ಮೇಲೆಯೇ ಹಾಕಬೇಕು, ಮತ್ತು ಅದರ ಒಳಮೈಗೆ ಮೆತ್ತಿಕೊಂಡ ಉಪ್ಪನ್ನು ಹದಿನೈದು ದಿನಕ್ಕೊಮ್ಮೆ ಜಾಲಾಡಬೇಕು.

ನಡುಚಳಿಗಾಲದಲ್ಲಿ ಒಮ್ಮೆ, ಕ್ರಿಸ್‌ಮಸ್ ರಜೆಯ ಸಮಯದಲ್ಲಿ ಸಿಗುವ ಒಣ ದಿನದಲ್ಲಿ, ಎಂಜಿನ್ನಿನ ಮುಂಭಾಗಕ್ಕೂ ತಳಕ್ಕೂ ಲೇಪವನ್ನು ಮತ್ತೊಮ್ಮೆ ಹಚ್ಚಿ. ಕೆಸರಿನ ಏಟಿಗೆ ಮೊದಲು ಸವೆಯುವುದು ಈ ಎರಡು ಜಾಗಗಳೇ. ಎಕ್ಸಾಸ್ಟ್ ಪೈಪಿಗೆ ಹಚ್ಚಿದರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಹೊಗೆಯೆದ್ದು ಪಕ್ಕದ ಮನೆಯವರು ಕಿಟಕಿ ತೆರೆದು ನೋಡುತ್ತಾರೆ. ಅದು ಉರಿದುಹೋಗುವ ಎಣ್ಣೆ, ಭಯವಿಲ್ಲ.

ವಸಂತದಲ್ಲಿ

ಮಾರ್ಚ್ ಕೊನೆಗೆ ಗಡಿಯಾರ ಮುಂದಿಟ್ಟ ಕೂಡಲೇ ತೊಳೆಯಲು ಆತುರಪಡಬೇಡಿ. ಎತ್ತರದ ರಸ್ತೆಗಳಲ್ಲಿ, ಶೆಫೀಲ್ಡ್‌ನಿಂದ ಸ್ನೇಕ್ ಪಾಸ್ ಹತ್ತುವ ದಾರಿಯಂಥ ಕಡೆಗಳಲ್ಲಿ, ಏಪ್ರಿಲ್‌ನಲ್ಲೂ ಉಪ್ಪು ಬೀಳುವುದುಂಟು. ಕೊನೆಯ ಉಪ್ಪಿನ ಮೇಲೆ ಎರಡು ಒಳ್ಳೆಯ ಮಳೆ ಬಿದ್ದು ರಸ್ತೆಯಂಚಿನ ಬಿಳಿ ಗೆರೆ ಮಾಯವಾದ ಮೇಲೆ, ಡಿಗ್ರೀಸರ್ ಬಳಸಿ ಇಡೀ ಚಳಿಗಾಲದ ಜಿಡ್ಡನ್ನು ಎರಡು ಬಾರಿ ತೊಳೆದು ತೆಗೆಯಿರಿ. ಆಗ ಬೈಕಿನ ನಿಜವಾದ ಸ್ಥಿತಿ ಕಾಣಿಸುತ್ತದೆ. ಫ್ರೇಮಿನಲ್ಲಿ ಬಣ್ಣ ಎದ್ದ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಿ, ಅದು ಕಪ್ಪುಗಟ್ಟಿ ಒಣಗಿದ ಮೇಲೆ ಪ್ರೈಮರ್ ಮತ್ತು ಬಣ್ಣ ಕೊಡಿ. ತಲೆ ಸವೆದ ಬೋಲ್ಟುಗಳನ್ನು ಆಗಲೇ ಬದಲಿಸಿ, ಮುಂದಿನ ಅಕ್ಟೋಬರಿನವರೆಗೆ ಅವು ಕಾಯುವುದಿಲ್ಲ.

ಎಕ್ಸಾಸ್ಟ್ ನಟ್ಟುಗಳನ್ನು ಬಿಚ್ಚಲೇಬೇಕಾದರೆ ಎರಡು ದಿನ ಮೊದಲೇ ಬೆಳಿಗ್ಗೆ ಸಂಜೆ ಪೆನಿಟ್ರೇಟಿಂಗ್ ಆಯಿಲ್ ಹಾಕುತ್ತಾ ಬನ್ನಿ. ಎಂಜಿನ್ನನ್ನು ತುಸು ಬೆಚ್ಚಗೆ ಮಾಡಿಕೊಂಡು, ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಕಚ್ಚು ಬಿಟ್ಟ ಮೇಲೆ ಹಿಂದಕ್ಕೆ ಕಾಲು ಸುತ್ತು, ಮುಂದಕ್ಕೆ ಅರೆಕಾಲು ಸುತ್ತು ಹೀಗೆ ಆಡಿಸುತ್ತಾ ಹೊರತೆಗೆಯಿರಿ. ಒಂದೇ ಪಟ್ಟಿಗೆ ಎಳೆಯಹೋದರೆ ನನ್ನ ಮೊದಲ ವರ್ಷದ ಕಥೆಯೇ ಆಗುತ್ತದೆ. ಆ ಮುರಿದ ಸ್ಟಡ್ಡನ್ನು ಕೊರೆದು ತೆಗೆಸಲು ನಾನು ಕೊಟ್ಟ ಹಣದಲ್ಲಿ ಎಸಿಎಫ್-50ರ ಎಂಟು ಕ್ಯಾನು ಬರುತ್ತಿತ್ತು. ಹೊಸದಾಗಿ ಹಾಕಿದ ಸ್ಟಡ್ಡಿನ ನಟ್ಟು ಈ ಏಪ್ರಿಲ್‌ನಲ್ಲಿ ಸಣ್ಣ ಸ್ಪ್ಯಾನರಿಗೇ ಬಿಚ್ಚಿಕೊಂಡಿತು. ಥ್ರೆಡ್ಡನ್ನು ಒರೆಸಿ, ನಿಕ್ಕಲ್ ಗ್ರೀಸ್ ಸವರಿ, ಮತ್ತೆ ಅಲ್ಲೇ ಕೂರಿಸಿದ್ದೇನೆ.